ನಮ್ಮ ಗೋಲು, ಅವರ ಗೋಲು

ಕಾಲ್ಚೆಂಡಿನ ಮೈದಾನದಲ್ಲಿ ಆಡುವವರು ಇಪ್ಪತ್ತೆರಡು ಮಂದಿ, ಬೈಸಿಕೊಳ್ಳುವವನು ಇಪ್ಪತ್ತಮೂರನೆಯವನು. ಅವನಿಗೆ ಗೋಲು ಹೊಡೆಯುವ ಸಂತೋಷವಿಲ್ಲ, ಗೋಲು ತಡೆಯುವ ಕೀರ್ತಿಯೂ ಇಲ್ಲ. ತೊಂಬತ್ತು ನಿಮಿಷ ಆಟಗಾರರ ಜೊತೆಗೇ ಓಡಿ, ಕೊನೆಗೆ ಯಾರ ಬಾಯಿಗೂ ಬೀಳದೆ ಮನೆ ಸೇರಿದರೆ ಅದೇ ಅವನ ಗೆಲವು. ಈ ರೆಫರಿಯೆಂಬ ಪ್ರಾಣಿಯನ್ನು ನಾನು ಇದುವರೆಗೆ ಎಷ್ಟು ಬೈದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹಾಗೆ ಬೈದುದರಲ್ಲಿ ನ್ಯಾಯವೆಷ್ಟು, ಅಭಿಮಾನವೆಷ್ಟು ಎಂದು ಲೆಕ್ಕ ನೋಡಬೇಕಾದ ಪ್ರಸಂಗ 2023ರ ಮಾರ್ಚಿ ತಿಂಗಳಲ್ಲಿ ಒದಗಿತು. ಆ ಲೆಕ್ಕವನ್ನು ವಾಚಕರ ಮುಂದಿಡುವುದಷ್ಟೇ ನನ್ನ ಉದ್ದೇಶ.

ನಾನು ಬೆಂಗಳೂರಿನವನು. ಇದು ಕ್ರಿಕೆಟ್ಟಿನ ಊರೆಂದು ಈಗಿನ ಹುಡುಗರು ತಿಳಿದಿದ್ದಾರೆ; ಕಾಲ್ಚೆಂಡಿನ ಊರೂ ಹೌದೆಂಬುದು ಹಳಬರಿಗೆ ಗೊತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಎರಡು ವರ್ಷ ಒಂದೇ ಸಮನೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಪರವಾಗಿ ಆಡಿದವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಕೊನೆಯ ಗೆಲವು ಬೆಂಗಳೂರಿನಲ್ಲೇ ಆಯಿತು. ನಮ್ಮ ತಂದೆಯವರು ಅದನ್ನು ಕಣ್ಣಾರೆ ಕಂಡವರು. ಸಾಯುವವರೆಗೂ ಅದರ ಕಥೆ ಹೇಳಿದವರು. "ಇನ್ನೊಂದು ಸಲ ಗೆದ್ದದ್ದು ನೋಡಿ ಹೋಗಬೇಕು ಕಣೋ" ಎನ್ನುತ್ತಿದ್ದರು. ಅದು ಅವರಿಗೆ ಲಭಿಸಲಿಲ್ಲ.

ಅವರಿಂದ ಬಂದ ಈ ಹುಚ್ಚು ನನ್ನನ್ನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಿಂದ ಕಂಠೀರವ ಕ್ರೀಡಾಂಗಣಕ್ಕೆ ತಂದಿತು. ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿತು, ಮೊದಲನೆಯ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಅಂದಿನಿಂದ ಆ ನೀಲಿ ಅಂಗಿ ನನ್ನದೂ ಆಯಿತು.

2023ರ ಮಾರ್ಚಿ 3ರ ರಾತ್ರಿ ಕಂಠೀರವದಲ್ಲಿ ನಮಗೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಪಂದ್ಯ. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್ಲಿಗೆ. ಒಂದು ಕಡೆ ನೀಲಿ, ಇನ್ನೊಂದು ಕಡೆ ಕೇರಳದವರ ಹಳದಿ. ತೊಂಬತ್ತು ನಿಮಿಷದಲ್ಲಿ ಯಾರಿಗೂ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಕೇರಳದ ಪೆನಾಲ್ಟಿ ಅಂಕಣದ ಹೊರಗೆ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ತನ್ನವರನ್ನು ಗೋಡೆಯಂತೆ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬಲೆಗೆ ಹಾಕಿಯೇಬಿಟ್ಟರು. ರೆಫರಿ ಗೋಲೆಂದರು. ಕೇರಳದವರು ಮುತ್ತಿಕೊಂಡರು. ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೆಟ್ರಿ ಆಮೇಲೆ ಹೇಳಿದರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ತಂಡ ತಿರುಗಿ ಬರಲಿಲ್ಲ. ಪಂದ್ಯ ನಮ್ಮದಾಯಿತು. ತಿಂಗಳ ಕೊನೆಗೆ ಕೇರಳದ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧ.

ಮಾರನೆಯ ದಿನ ನಾನು ಮಾಡಿದ ಕೆಲಸವೆಂದರೆ ನಮ್ಮ ಕಛೇರಿಯ ಮಲಯಾಳಿ ಮಿತ್ರರಿಗೆ ಕಾಲ್ಚೆಂಡಿನ ಕಾಯಿದೆಯ ಪಾಠ ಹೇಳಿದ್ದು. ತಪ್ಪಿಗೆ ಗುರಿಯಾದ ತಂಡಕ್ಕೆ ಕೂಡಲೆ ಒದೆಯುವ ಹಕ್ಕುಂಟು. ಹತ್ತು ಗಜದ ಅಂತರ ಅಳೆಸಿಕೊಳ್ಳಬೇಕೆಂದಿದ್ದರೆ ಮಾತ್ರ ಸೀಟಿಗೆ ಕಾಯಬೇಕು. ಎದುರಾಳಿ ನಿದ್ದೆಮಾಡಿದರೆ ಅದು ಅವರ ಹಣೆಯಬರಹ. ಎಲ್ಲವನ್ನೂ ವಿವರಿಸಿ, "ಏನೇ ಆಗಲಿ, ರೆಫರಿ ಕೊಟ್ಟ ಮೇಲೆ ಮುಗಿಯಿತು. ಮೈದಾನ ಬಿಟ್ಟು ಹೋಗುವುದು ಆಟಗಾರರ ಲಕ್ಷಣವಲ್ಲ" ಎಂದು ಮಂಗಳ ಹಾಡಿದೆ. ಅವರು ಏನೂ ಹೇಳದೆ ಕೇಳಿಸಿಕೊಂಡರು.

ಹದಿನೈದು ದಿನವಾಯಿತು. ಮುಂಬಯಿಯನ್ನು ಪೆನಾಲ್ಟಿಗಳಲ್ಲಿ 9-8ರಿಂದ ಕಳೆದು ನಾವು ಫೈನಲ್ ತಲಪಿದೆವು. ಮಾರ್ಚಿ 18, ಗೋವೆಯ ಫತೋರ್ಡಾ. ಎದುರಿಗೆ ಕಲ್ಕತ್ತೆಯ ಎ.ಟಿ.ಕೆ. ಮೋಹನ್ ಬಾಗಾನ್. 78ನೆಯ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದ ಗೋಲಿನಿಂದ ನಾವು 2-1 ಮುಂದಿದ್ದೆವು. 85ನೆಯ ನಿಮಿಷದಲ್ಲಿ ರೆಫರಿ ಅವರಿಗೊಂದು ಪೆನಾಲ್ಟಿ ಕೊಟ್ಟರು. ತಪ್ಪು ನಡೆದದ್ದು ಗೆರೆಯ ಒಳಗೋ ಹೊರಗೋ ಎಂಬುದೇ ತಗಾದೆ. ಟೆಲಿವಿಷನ್ನಿನ ಮುಂದೆ ಕುಳಿತಿದ್ದ ನನಗಂತೂ ಒಂದು ಗಜ ಹೊರಗೆ ಕಂಡಿತು. ಪೆತ್ರಾತೋಸ್ ಒದ್ದು ಸಮ ಮಾಡಿದ. ಕೊನೆಗೆ ಪೆನಾಲ್ಟಿಗಳಲ್ಲಿ 4-3ರಿಂದ ನಾವು ಸೋತೆವು. ಆ ರಾತ್ರಿ ನಾನು ಆಡಿದ ಮಾತುಗಳನ್ನು ಈ ಪತ್ರಿಕೆ ಅಚ್ಚುಮಾಡಲಾರದು. ರೆಫರಿಗೆ ನೆರವಾಗಲು ವೀಡಿಯೋ ಯಂತ್ರ, ಅಂದರೆ ವಿ.ಎ.ಆರ್., ಬರಬೇಕೆಂದು ನಮ್ಮ ಕ್ಲಬ್ಬಿನ ಒಡೆಯರು ಬಹಿರಂಗವಾಗಿ ಕೇಳಿದರು. ನಾನೂ ಅದಕ್ಕೆ ದನಿಗೂಡಿಸಿದೆ. ಕಂಠೀರವದ ರಾತ್ರಿ ಆ ಯಂತ್ರದ ನೆನಪೇ ನನಗೆ ಬಂದಿರಲಿಲ್ಲ!

ಸೋಮವಾರ ಮಲಯಾಳಿ ಮಿತ್ರರು ನನ್ನ ಮೇಜಿನ ಬಳಿಗೆ ಬಂದು, "ರೆಫರಿ ಕೊಟ್ಟ ಮೇಲೆ ಮುಗಿಯಿತಲ್ಲವೆ ಸಾರ್?" ಎಂದಷ್ಟೇ ಹೇಳಿ ಹೊರಟುಹೋದರು. ನನ್ನ ಪಾಠವನ್ನೇ ಅವರು ನನಗೆ ಒಪ್ಪಿಸಿದ್ದರು.

ಆಗ ರೆಫರಿ ಎಂಬವನು ಎಲ್ಲಿಂದ ಬಂದ ಎಂಬ ಕುತೂಹಲ ಹುಟ್ಟಿತು. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಬರೆದ ಮೊದಲನೆಯ ಕಾಯಿದೆಗಳಲ್ಲಿ ಅವನ ಸುದ್ದಿಯೇ ಇಲ್ಲ. ಮರ್ಯಾದಸ್ಥರು ಆಡುವ ಆಟ. ತಕರಾರು ಬಂದರೆ ಇಬ್ಬರು ನಾಯಕರೂ ಮಾತಾಡಿ ಬಗೆಹರಿಸಿಕೊಳ್ಳುತ್ತಾರೆಂಬ ನಂಬಿಕೆ. ಆ ನಂಬಿಕೆ ಬಹಳ ದಿನ ಬಾಳಲಿಲ್ಲ. ಪ್ರತಿ ತಂಡದ ಕಡೆಯಿಂದ ಒಬ್ಬೊಬ್ಬ ಅಂಪೈರ್ ಬಂದ. ಅವನೂ ತನ್ನವರ ಕಡೆಗೇ ವಾಲತೊಡಗಿದ. ಆ ಇಬ್ಬರಿಗೆ ಒಮ್ಮತ ಬಾರದಿದ್ದಾಗ ಕೇಳುವುದಕ್ಕೆಂದು ಮೈದಾನದ ಹೊರಗೆ ಮೂರನೆಯವನೊಬ್ಬನನ್ನು ನಿಲ್ಲಿಸಿದರು. ಅವನಲ್ಲಿಗೆ ಜಗಳ ಒಯ್ಯುತ್ತಿದ್ದರಿಂದಲೇ ಅವನಿಗೆ ರೆಫರಿ ಎಂದು ಹೆಸರು. 1891ರಲ್ಲಿ ಅವನು ಮೈದಾನದ ಒಳಕ್ಕೆ ಬಂದ. ಅಂಪೈರುಗಳು ಗೆರೆಯ ಪಕ್ಕಕ್ಕೆ ಸರಿದು ಲೈನ್ಸ್‌ಮನ್‌ಗಳಾದರು. ಪೆನಾಲ್ಟಿ ಒದೆತವೂ ಅದೇ ವರ್ಷದ್ದು. ಅದನ್ನು ಸೂಚಿಸಿದವನು ವಿಲಿಯಂ ಮೆಕ್‌ಕ್ರಮ್ ಎಂಬ ಐರಿಷ್ ಗೋಲ್‌ಕೀಪರ್. ಮರ್ಯಾದಸ್ಥರು ಬೇಕೆಂದೇ ತಪ್ಪು ಮಾಡುತ್ತಾರೆಂದು ಕಾಯಿದೆಯಲ್ಲಿ ಬರೆಯುವುದು ಅವಮಾನವೆಂದು ಆಗ ಕೆಲವರು ಸಿಟ್ಟಾದರು.

ಎರಡು ಕಡೆಯವರಿಗೂ ಕಣ್ಣುಗಳಿದ್ದುವು. ಆದರೆ ಇಬ್ಬರಿಗೂ ಒಂದೇ ದೃಶ್ಯ ಕಾಣುತ್ತಿರಲಿಲ್ಲ. ಈ ನಮ್ಮ ಕುರುಡಿನ ಪರಿಹಾರಕ್ಕಾಗಿಯೇ ಅವನನ್ನು ನಿಲ್ಲಿಸಿದೆವು. ಆಮೇಲೆ ಅವನನ್ನೇ ಕುರುಡನೆಂದೆವು.

ಇದು ಬರಿಯ ಮಾತಲ್ಲ. ಅಮೆರಿಕದಲ್ಲಿ 1951ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳಿಗೆ ಅವರ ಬಗೆಯ ಫುಟ್‌ಬಾಲಿನಲ್ಲಿ ಒಂದು ಒರಟು ಪಂದ್ಯ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಒಂದೇ ಫಿಲ್ಮನ್ನು ಎರಡು ಕಾಲೇಜಿನ ವಿದ್ಯಾರ್ಥಿಗಳಿಗೂ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡುದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಿನ್ಸ್‌ಟನ್ನಿನವರಿಗೆ ಕಂಡುವು. ಅವರು ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಹಿರಿಯರು ಫಿಲ್ಮಿನ ನೆರವಿಲ್ಲದೆಯೇ ತಿಳಿದಿದ್ದರು.

ದೇಶದೇಶಗಳ ನಡುವೆಯೂ ಇದೇ ಕಥೆ. 1966ರ ಜುಲೈ 30ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ ವಿಶ್ವಕಪ್ಪಿನ ಫೈನಲ್. ಹೆಚ್ಚುವರಿ ಆಟದಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ನೆಲಕ್ಕೆ ಬಿತ್ತು. ಗೆರೆ ದಾಟಿತೋ ಇಲ್ಲವೋ? ಸ್ವಿಸ್ ರೆಫರಿ ದೀನ್ಸ್ಟ್ ಲೈನ್ಸ್‌ಮನ್ನನನ್ನು ಕೇಳಿದ. ಸೋವಿಯತ್ ಒಕ್ಕೂಟದ ಅಜರ್‌ಬೈಜಾನಿನ ತೋಫಿಕ್ ಬಹ್ರಮೊವ್ ದಾಟಿತೆಂದ. ಇಂಗ್ಲೆಂಡ್ 4-2ರಿಂದ ಗೆದ್ದಿತು. ಬಾಕುವಿನ ಒಂದು ಕ್ರೀಡಾಂಗಣಕ್ಕೇ ಆ ಲೈನ್ಸ್‌ಮನ್ನನ ಹೆಸರಿಟ್ಟಿದ್ದಾರೆ. ಜರ್ಮನರಿಗೆ ಮಾತ್ರ ಆ ಗೋಲು ಎಂದೂ ಗೋಲಾಗಲಿಲ್ಲ. ನಲವತ್ತನಾಲ್ಕು ವರ್ಷಗಳ ಮೇಲೆ, 2010ರ ಜೂನ್ 27ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೈನಿನಲ್ಲಿ, ಅದೇ ಎರಡು ದೇಶಗಳು ಎದುರಾದುವು. ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೇ ಸ್ಪಷ್ಟವಾಗಿ ಬಿತ್ತು. ರೆಫರಿ ಗೋಲು ಕೊಡಲಿಲ್ಲ. ಜರ್ಮನಿ 4-1ರಿಂದ ಗೆದ್ದಿತು. ಇಂಗ್ಲಿಷರ ಕಂಠೀರವ ವೆಂಬ್ಲಿ, ಅವರ ಫತೋರ್ಡಾ ಬ್ಲೂಮ್‌ಫಾಂಟೈನ್. ಅವರಿಗೆ ನಲವತ್ತನಾಲ್ಕು ವರ್ಷ ಹಿಡಿದದ್ದು ನನಗೆ ಹದಿನೈದೇ ದಿನದಲ್ಲಿ ಆಯಿತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 1964ರ ಮೇ 24ರಂದು ಪೆರು ದೇಶದ ಲೀಮಾ ನಗರದಲ್ಲಿ ಅರ್ಜೆಂಟೀನದೊಡನೆ ಒಲಿಂಪಿಕ್ಸಿನ ಅರ್ಹತೆಯ ಪಂದ್ಯ. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಪೆರುವಿನವರು ಸಮಗೊಳಿಸಿದ ಗೋಲನ್ನು ರೆಫರಿ ತಪ್ಪಾಟವೆಂದು ತಳ್ಳಿಹಾಕಿದ. ಪ್ರೇಕ್ಷಕರು ಮೈದಾನಕ್ಕಿಳಿದರು, ಪೋಲೀಸರು ಅಶ್ರುವಾಯು ಸಿಡಿಸಿದರು, ಜನ ಬಾಗಿಲುಗಳ ಕಡೆಗೆ ಓಡಿದರು. ಬಾಗಿಲುಗಳು ಮುಚ್ಚಿದ್ದುವು. ಸರ್ಕಾರದ ಲೆಕ್ಕದಂತೆ ಸತ್ತವರು 328 ಮಂದಿ. ನಮ್ಮ ದೇಶದಲ್ಲೂ 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಆಡುತ್ತಿದ್ದಾಗ, ಆಟಗಾರರ ಕಾಳಗ ಪ್ರೇಕ್ಷಕರ ಕಾಳಗವಾಗಿ 16 ಜನ ತೀರಿಕೊಂಡರು. ಆಟ ನೋಡಿ ರಾತ್ರಿಯೂಟಕ್ಕೆ ಬರುತ್ತೇವೆಂದು ಹೇಳಿ ಹೊರಟವರು.

ಇದನ್ನೆಲ್ಲ ಓದುವಾಗ ನನಗೆ ನೆನಪಾದುದು ಒಂದು ಹರಿದ ಅಂಗಿ. ನಮ್ಮ ತಂದೆಯವರು ಬಡಾವಣೆಯ ಪಂದ್ಯಗಳಿಗೆ ರೆಫರಿಯಾಗುತ್ತಿದ್ದರು. ಒಂದು ಸಾಯಂಕಾಲ ನಮ್ಮ ಬೀದಿಯ ತಂಡದ ವಿರುದ್ಧವೇ ಪೆನಾಲ್ಟಿ ಕೊಟ್ಟರು. ನಮ್ಮ ಬೀದಿ ಸೋತಿತು. ಬೀದಿಯ ಜನ ಅವರನ್ನು ಅಟ್ಟಿಸಿಕೊಂಡು ಬಂದರು. ಅಂಗಿಯ ತೋಳು ಹರಿದಿತ್ತು. ಅಮ್ಮನಿಗೆ, "ಏನೂ ಆಗಿಲ್ಲ, ಒಂದು ಲೋಟ ಕಾಫಿ ಕೊಡು" ಎಂದರು. ಕಾಫಿ ಕುಡಿದು ನನ್ನ ಕಡೆ ತಿರುಗಿ, "ಎರಡು ಕಡೆಯವರೂ ಬೈದರೆ ತೀರ್ಪು ಸರಿಯಿದೆ ಅಂತ ಸಮಾಧಾನ ಕಣೋ. ಇವತ್ತು ಒಂದೇ ಕಡೆಯವರು ಬೈದರು, ಅದಕ್ಕೇ ಯೋಚನೆ" ಎಂದರು. ನನಗಾಗ ಹತ್ತು ವರ್ಷ. ಬೈದವರ ಗುಂಪಿನಲ್ಲಿ ನಾನೂ ಕೂಗಿದ್ದೆನೆಂಬುದನ್ನು ಅವರಿಗೆ ಎಂದೂ ಹೇಳಲಿಲ್ಲ. ಅವರಿಗೆ ತಿಳಿದಿತ್ತೋ ಏನೋ.

ಯಂತ್ರ ಬಂದರೆ ಎಲ್ಲ ಸರಿಹೋಗುವುದೆ? ಗೆರೆ ದಾಟಿತೋ ಇಲ್ಲವೋ ಎಂದು ಹೇಳುವ ಯಂತ್ರಕ್ಕೆ 2012ರಲ್ಲಿ ಒಪ್ಪಿಗೆ ದೊರೆಯಿತು. 2018ರ ರಷ್ಯದ ವಿಶ್ವಕಪ್ಪಿಗೆ ವಿ.ಎ.ಆರ್. ಬಂದಿತು. ತಪ್ಪುಗಳು ಕಡಮೆಯಾದುವೆಂಬುದನ್ನು ಒಪ್ಪಬೇಕು. ಆದರೂ 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲು, ಯಂತ್ರದ ಮುಂದೆ ಕುಳಿತವರು ಮೈದಾನದಲ್ಲಿ ಗೋಲನ್ನು ಕೊಟ್ಟಿದ್ದಾರೆಂದೇ ತಪ್ಪಾಗಿ ತಿಳಿದುದರಿಂದ, ಲೆಕ್ಕಕ್ಕೆ ಬಾರದೆ ಹೋಯಿತು. ಯಂತ್ರ ಸರಿಯಾಗಿಯೇ ತೋರಿಸಿತ್ತು. ನೋಡುವವನು ಮನುಷ್ಯನಲ್ಲವೆ?

ಕೊನೆಗೆ ಒಂದು ತಪ್ಪೊಪ್ಪಿಗೆ. 2023ರ ಮಾರ್ಚಿ 4ರಂದು, ಅಂದರೆ ಮಲಯಾಳಿ ಮಿತ್ರರಿಗೆ ನಾನು ಪಾಠ ಹೇಳಿದ ದಿನವೇ, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಸಂತೋಷ್ ಟ್ರೋಫಿಯ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ಕೊನೆಯ ಸಲ ಗೆದ್ದು ಐವತ್ತನಾಲ್ಕು ವರ್ಷಗಳಾಗಿದ್ದುವು. ನಾನು ಆಮೇಲೆ ಹಲುಬಿದ ಆ ವಿ.ಎ.ಆರ್. ಯಂತ್ರವೂ ಅಲ್ಲಿತ್ತು. ತಂದೆಯವರು ಜೀವಮಾನವೆಲ್ಲ ಕಾದ ಗೆಲವು ಅದು. ಛೆಟ್ರಿಯ ಗೋಲು ಸರಿಯೆಂದು ಸಾಧಿಸುವುದರಲ್ಲಿ ಮುಳುಗಿದ್ದ ನಾನು ಆ ಪಂದ್ಯವನ್ನು ನೋಡಲಿಲ್ಲ. ಗೆದ್ದ ಸುದ್ದಿ ತಿಳಿದದ್ದು ಎರಡು ದಿನ ತಡವಾಗಿ.

ರೆಫರಿಯನ್ನು ಬೈಯುವುದನ್ನು ಅಂದಿನಿಂದ ಬಿಟ್ಟಿದ್ದೇನೆಂದರೆ ಸುಳ್ಳಾದೀತು. ಈಗಲೂ ಬಾಯಿ ಮೊದಲು, ಬುದ್ಧಿ ಆಮೇಲೆ. ಆದರೆ ನಮಗೊಂದು ಅನುಮಾನದ ಗೋಲು ದಕ್ಕಿದಾಗ, ಪಕ್ಕದವರೆಲ್ಲ ಎದ್ದು ಕುಣಿಯುವಾಗ, ನಾನು ಒಂದು ಕ್ಷಣ ತಡೆದು ಏಳುತ್ತೇನೆ. ಆ ಒಂದು ಕ್ಷಣ ತಂದೆಯವರದು.