ಎರಡನೆಯ ಬರಹ: ಫ್ಯಾರಡೆಯ ಉಪನ್ಯಾಸ ಟಿಪ್ಪಣಿಗಳ ಬಗ್ಗೆ

1812ರ ಕೊನೆಯಲ್ಲಿ ಲಂಡನ್ನಿನ ಯುವ ಬೈಂಡರ್ ಒಬ್ಬ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಗೆ ಒಂದು ಸಂಪುಟ ಕಳಿಸಿದ. ಆ ವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿ ಕೊಟ್ಟ ನಾಲ್ಕು ಉಪನ್ಯಾಸಗಳನ್ನು ಕೇಳಿ, ಬರೆದು, ಉಪಕರಣಗಳ ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿದ ಟಿಪ್ಪಣಿ ಅದು. 1813ರ ಮಾರ್ಚ್ 1ರಂದು ಆ ಯುವಕ, ಮೈಕೇಲ್ ಫ್ಯಾರಡೆ, ಅಲ್ಲೇ ಪ್ರಯೋಗಾಲಯದ ಸಹಾಯಕನಾಗಿ ನೇಮಕಗೊಂಡ. ಈ ಪ್ರಸಂಗವನ್ನು ಶ್ರದ್ಧೆಗೆ ಸಿಕ್ಕ ಫಲವೆಂದು ಹೇಳುವುದು ವಾಡಿಕೆ. ಆ ಬರಹ ಸಿದ್ಧವಾದ ಕ್ರಮವನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ನೋಟ್ಸ್ ಮಾಡಿಕೊಳ್ಳುವುದು ಹೇಗೆಂದು ಕೇಳುವ ವಿದ್ಯಾರ್ಥಿಗೆ ಬೇಕಾದದ್ದು ಆ ಕ್ರಮವೇ.

ಕ್ರಮ ರೂಪುಗೊಂಡದ್ದು ಡೇವಿಯ ಸಭಾಂಗಣದಲ್ಲಲ್ಲ, ಅದಕ್ಕೂ ಮುಂಚೆ. ಜಾರ್ಜ್ ರೀಬೋನ ಅಂಗಡಿಯಲ್ಲಿ ಬೈಂಡಿಂಗ್ ಕಲಿಯುತ್ತಿದ್ದ ಫ್ಯಾರಡೆ 1810ರಿಂದ ಜಾನ್ ಟೇಟಮ್ ಎಂಬುವನ ಸಂಜೆ ಉಪನ್ಯಾಸಗಳಿಗೆ ಹೋಗುತ್ತಿದ್ದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಕಮ್ಮಾರನಾಗಿದ್ದ ಅಣ್ಣ ರಾಬರ್ಟ್ ಆ ಹಣ ಕೊಡುತ್ತಿದ್ದ. ಇಲ್ಲಿನ ಟಿಪ್ಪಣಿಗಳು ನಾಲ್ಕು ಸಂಪುಟಗಳಾದವು. ತಾನು ಹೇಗೆ ಬರೆದುಕೊಂಡೆ ಎಂಬುದನ್ನು ಫ್ಯಾರಡೆ ಸ್ವತಃ ವಿವರಿಸಿದ್ದಾನೆ. ಹೊಲಿದ ಇಲ್ಲವೇ ಪಿನ್ನು ಹಾಕಿದ ಕೆಲವು ಹಾಳೆ, ಒಂದು ಪೆನ್ಸಿಲ್ ಒಯ್ಯುವುದು. ಸಾಧ್ಯವಾದರೆ ಮುಂದಿನ ಸಾಲಿನಲ್ಲಿ ಕೂರುವುದು. ಮೊಣಕಾಲ ಮೇಲೆ ಟೋಪಿ, ಟೋಪಿಯ ಮೇಲೆ ಹಾಳೆ ಇಟ್ಟುಕೊಳ್ಳುವುದು. ಎದ್ದು ಕಾಣುವ ಪದಗಳು, ಚಿಕ್ಕದಾದರೂ ಮುಖ್ಯವಾದ ವಾಕ್ಯಗಳು, ಪ್ರಯೋಗಗಳ ಹೆಸರು, ಬಳಸಿದ ವಸ್ತುಗಳ ಹೆಸರು, ಆಮೇಲೆ ನೆನಪು ಕೆದಕಬಲ್ಲ ಕೆಲವು ಸುಳಿವುಗಳು: ಅಲ್ಲಿ ಬರೆದುಕೊಂಡದ್ದು ಇಷ್ಟೇ.

ಮುಂದಿನ ಹಂತ ಇದಕ್ಕಿಂತ ಮುಖ್ಯ. ಫ್ಯಾರಡೆ ಅಲ್ಲಿಂದ ನೇರ ಮನೆಗೆ ನಡೆಯುತ್ತಿದ್ದ. ದಾರಿಯುದ್ದಕ್ಕೂ ಕೇಳಿದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಕೂತು ಎರಡನೆಯ ಟಿಪ್ಪಣಿ ಮಾಡುತ್ತಿದ್ದ. ಇದು ಮೊದಲಿನದಕ್ಕಿಂತ ವಿಸ್ತಾರವಾದದ್ದು, ಒಂದಕ್ಕೊಂದು ಹೊಂದಿಕೊಂಡದ್ದು. ಯಾವ ವಿಷಯದ ನಂತರ ಯಾವುದು ಬಂತು, ಯಾವ ಪ್ರಯೋಗ ಎಲ್ಲಿ ನಡೆಯಿತು ಎಂಬ ಅನುಕ್ರಮವೆಲ್ಲ ಅದರಲ್ಲಿರುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು ಮೂರನೆಯ ಹಂತದಲ್ಲಿ ಪೂರ್ತಿ ಉಪನ್ಯಾಸ ಬರೆಯುವಾಗ ಒಂದೊಂದು ಅಂಶದ ವಿವರವನ್ನೂ ನೆನಪಿನಿಂದಲೇ ತೆಗೆಯಬೇಕಾಗಿತ್ತು. ನಾವು ರೂಪುರೇಷೆ ಅನ್ನುವುದು ಈ ಎರಡನೆಯ ಹಾಳೆಯನ್ನೇ. ಡೇವಿಗೆ ತಲುಪಿದ ಅಂದದ ಸಂಪುಟದ ಹಿಂದೆ ಇಂಥ ಅಭ್ಯಾಸವಿತ್ತು. ನನ್ನ ದೃಷ್ಟಿಯಲ್ಲಿ ಕಲಿಕೆಯ ಬಹುಭಾಗ ನಡೆದದ್ದು ಉಪನ್ಯಾಸದ ಕೋಣೆಯಲ್ಲಲ್ಲ, ಆ ರಾತ್ರಿಯ ಬರವಣಿಗೆಯಲ್ಲಿ.

ಇದು ಹೇಗೆ ಕೆಲಸ ಮಾಡುತ್ತದೆಂದು ನಮ್ಮ ತರಗತಿಗಳಿಗೆ ಪರಿಚಿತವಾದ ಪ್ರಯೋಗವೊಂದರಲ್ಲಿ ನೋಡಬಹುದು. ಪರಾಸರಣ ತೋರಿಸಲು ಮೇಷ್ಟ್ರು ಸಿಪ್ಪೆ ಹೆರೆದ ಆಲೂಗಡ್ಡೆಯಲ್ಲಿ ಗುಳಿ ಕೊರೆದು, ಸಕ್ಕರೆ ದ್ರಾವಣ ತುಂಬಿ, ನೀರಿನಲ್ಲಿಡುತ್ತಾರೆ. ಫ್ಯಾರಡೆಯ ಕ್ರಮದಲ್ಲಿ ಬರೆದರೆ ತರಗತಿಯ ಹಾಳೆಯಲ್ಲಿ ಹೀಗಿದ್ದೀತು: “ಆಲೂಗಡ್ಡೆ, ಗುಳಿ, ಸಕ್ಕರೆ ನೀರು, ಗುಂಡುಸೂಜಿ, ಮಟ್ಟ ಏರಿತು, ಪೊರೆ, ಬೇಯಿಸಿದ್ದು – ಇಲ್ಲ.” ಸಂಜೆ ಇದನ್ನು ಬಿಡಿಸಿ ಬರೆಯಲು ಹೊರಟಾಗ ಗುಂಡುಸೂಜಿಯ ಹತ್ತಿರ ಲೇಖನಿ ನಿಲ್ಲುತ್ತದೆ. ಅದನ್ನು ಚುಚ್ಚಿದ್ದೇಕೆ? ದ್ರಾವಣದ ಮೊದಲ ಮಟ್ಟ ಗುರುತಿಸಲು. ಆ ಗುರುತಿಲ್ಲದೆ ಏರಿತೆಂದು ಹೇಳುವುದು ಹೇಗೆ? ಬೇಯಿಸಿದ ಆಲೂಗಡ್ಡೆಯಲ್ಲಿ ಏಕೆ ಏರಲಿಲ್ಲ? ಬೇಯಿಸಿದಾಗ ಜೀವಕೋಶಗಳ ಪೊರೆ ಹಾಳಾಗಿರುತ್ತದೆ. ಹಾಗಾದರೆ ನೀರನ್ನು ಒಳಕ್ಕೆ ಬಿಟ್ಟು ಸಕ್ಕರೆಯನ್ನು ತಡೆದದ್ದು ಆ ಪೊರೆಯೇ. ಹೇಳಿ ಬರೆಸಿದ ನೋಟ್ಸಿನಲ್ಲಿ ಈ ಮೂರೂ ಸಂಗತಿ ಇರುತ್ತವೆ, ಆದರೆ ಅವುಗಳ ನಡುವಿನ ಸಂಬಂಧ ವಿದ್ಯಾರ್ಥಿಯ ತಲೆಯಲ್ಲಿ ಹುಟ್ಟಿರಬೇಕೆಂದೇನಿಲ್ಲ. ಬರೆಯುತ್ತ ಎಲ್ಲಿ ತಡವರಿಸಿದೆವೋ ಅಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುವುದೂ ಈ ಎರಡನೆಯ ಬರಹದ ಲಾಭ. ಮರುದಿನ ಮೇಷ್ಟ್ರನ್ನು ಕೇಳಲು ಕೈಯಲ್ಲೊಂದು ಖಚಿತ ಪ್ರಶ್ನೆ ಇರುತ್ತದೆ.

ಮನೋವಿಜ್ಞಾನದ ಸಂಶೋಧನೆಯೂ ಇದೇ ದಿಕ್ಕಿಗಿದೆ, ಕೆಲವು ಎಚ್ಚರಿಕೆಗಳೊಂದಿಗೆ. 1972ರಲ್ಲಿ ಡಿ ವೆಸ್ಟಾ ಮತ್ತು ಗ್ರೇ ಟಿಪ್ಪಣಿಗೆ ಎರಡು ಕೆಲಸಗಳಿವೆಯೆಂದು ಬೇರ್ಪಡಿಸಿದರು: ಬರೆಯುವ ಕ್ರಿಯೆಯೇ ಮನಸ್ಸಿಗೆ ಇಳಿಸುವುದು ಒಂದು, ಮುಂದೆ ತಿರುವಿ ನೋಡಲು ದಾಖಲೆಯಾಗುವುದು ಇನ್ನೊಂದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಿಸಿ ನೋಡಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರದ ಪರೀಕ್ಷೆಯಲ್ಲಿ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದಾದರು. ಫ್ಯಾರಡೆಯ ಎರಡನೆಯ, ಮೂರನೆಯ ಹಂತಗಳಲ್ಲಿ ಇಂಥ ನೆನಪಿಸಿಕೊಳ್ಳುವಿಕೆಯೇ ಇದೆ. ಲ್ಯಾಪ್‌ಟಾಪಿಗಿಂತ ಕೈಬರಹ ಮೇಲು ಎಂಬ, 2014ರ ಮುಲ್ಲರ್ ಮತ್ತು ಒಪೆನ್‌ಹೈಮರ್ ಅವರ ಪ್ರಸಿದ್ಧ ಫಲಿತಾಂಶವನ್ನು ಮಾತ್ರ ಜೋಪಾನವಾಗಿ ಉಲ್ಲೇಖಿಸಬೇಕು. ಟೈಪ್ ಮಾಡುವವರು ಹೇಳಿದ್ದನ್ನು ಹೇಳಿದಂತೆಯೇ ಇಳಿಸಿಕೊಳ್ಳುವುದು ಹೆಚ್ಚು ಎಂಬುದು ಮುಂದಿನ ಪರಿಶೀಲನೆಯಲ್ಲೂ ಕಂಡಿತು. ಪರೀಕ್ಷೆಯ ಅಂಕಗಳಲ್ಲಿ ಅಂಥ ಸ್ಪಷ್ಟ ಅಂತರ ಮತ್ತೆ ಸಿಗಲಿಲ್ಲ. ಹಾಗಾಗಿ ಸಾಧನ ಯಾವುದೆಂಬ ಚರ್ಚೆಗಿಂತ, ಆಮೇಲೆ ಏನು ಮಾಡುತ್ತೇವೆಂಬ ಚರ್ಚೆಗೆ ಬೆಲೆ ಹೆಚ್ಚು.

ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಜನಪ್ರಿಯಗೊಳಿಸಿದ, ಪುಟದ ಎಡಕ್ಕೆ ಕಿರಿದಾದ ಅಂಕಣ ಬಿಡುವ ಪದ್ಧತಿ ಹಲವರಿಗೆ ಗೊತ್ತು. ಎಡಗಡೆ ಸುಳಿವು ಬರೆದು, ಬಲಗಡೆಯದನ್ನು ಮುಚ್ಚಿ ಬಾಯಲ್ಲಿ ಹೇಳಿಕೊಳ್ಳುವುದೇ ಅದರ ಜೀವಾಳ. ಗೆರೆ ಎಳೆದು ಅಷ್ಟಕ್ಕೇ ಬಿಡುವುದರಿಂದ ಪ್ರಯೋಜನವಿಲ್ಲ.

ಫ್ಯಾರಡೆಯ ಕ್ರಮವನ್ನು ಹಾಗೇ ಎತ್ತಿ ಇಂದಿನ ವಿದ್ಯಾರ್ಥಿಯ ಮೇಲೆ ಹೇರಲಾಗದು. ಅಲ್ಲಿದ್ದದ್ದು ಆಗೊಮ್ಮೆ ಈಗೊಮ್ಮೆ ಒಂದು ಉಪನ್ಯಾಸ. ಇಲ್ಲಿ ದಿನಕ್ಕೆ ಐದಾರು ಪೀರಿಯಡ್ಡು, ಮೇಲೆ ಟ್ಯೂಷನ್ನು. ಎಲ್ಲವನ್ನೂ ಮೂರು ಸಲ ಬರೆಯಲು ಹೇಳುವುದು ಕ್ರೌರ್ಯವಾದೀತು. ಮೂರನೆಯ ಹಂತವನ್ನು ಕೈಬಿಡಬಹುದು; ದಿನದ ಅತಿ ಕಷ್ಟದ ಒಂದು ಪಾಠಕ್ಕೆ ಮಾತ್ರ ಎರಡನೆಯ ಹಾಳೆ ಸಾಕು. ಅದನ್ನು ಬರೆದ ಮೇಲಷ್ಟೇ ಪಠ್ಯಪುಸ್ತಕ ತೆರೆದು ತಪ್ಪು ತಿದ್ದಿಕೊಳ್ಳಬೇಕು. ಈ ತಿದ್ದುವಿಕೆ ಇಲ್ಲದಿದ್ದರೆ ತಪ್ಪಾಗಿ ನೆನಪಾದದ್ದೇ ಗಟ್ಟಿಯಾಗುವ ಅಪಾಯವಿದೆ.

ಅಡ್ಡಿ ಬರುವುದು ನಮ್ಮ ಮೌಲ್ಯಮಾಪನದಿಂದ. ನೋಟ್‌ಬುಕ್ ತಿದ್ದುವಾಗ ನಾವು ನೋಡುವುದು ಅಕ್ಷರ ದುಂಡಗಿದೆಯೇ, ಬೋರ್ಡಿನ ಮೇಲಿದ್ದದ್ದು ಪೂರ್ತಿ ಇಳಿದಿದೆಯೇ ಎಂದು. ಹೊಡೆದುಹಾಕಿದ ಸಾಲು, ಅಂಚಿನ ಪ್ರಶ್ನಾರ್ಥಕ ಚಿಹ್ನೆ ಗಲೀಜೆನಿಸುತ್ತವೆ. ಆದರೂ ಈ ಕ್ರಮ ಫಲಿಸುತ್ತದೆಯೇ ಎಂಬುದನ್ನು ಯಾವುದೇ ಶಾಲೆಯ ಶಿಕ್ಷಕರು ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದು. ಒಂದೇ ಪಾಠವನ್ನು ಎರಡು ವಿಭಾಗಗಳಿಗೆ ಹೇಳಿ, ಒಂದು ವಿಭಾಗಕ್ಕೆ ಎಂದಿನಂತೆ ನೋಟ್ಸ್ ಬರೆಸುವುದು. ಇನ್ನೊಂದು ವಿಭಾಗಕ್ಕೆ ಸುಳಿವುಗಳನ್ನಷ್ಟೇ ಗುರುತಿಸಿಕೊಂಡು ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿ ಬರೆಯಲು ಹೇಳುವುದು. ಮುಂದಿನ ಪಾಠಕ್ಕೆ ವಿಭಾಗಗಳನ್ನು ಅದಲುಬದಲು ಮಾಡಬೇಕು. ಪ್ರಶ್ನೆಗಳನ್ನು ವಾರ ಬಿಟ್ಟು, ಮುಂಚೆ ತಿಳಿಸದೆ ಕೇಳಬೇಕು. ಅವುಗಳಲ್ಲಿ ಅರ್ಧವಾದರೂ “ಏಕೆ” ಎಂದು ಕೇಳುವಂಥವಾಗಿರಬೇಕು.