ಹಂದಿ ಜ್ವರ: ರಕ್ತನಾಳಗಳನ್ನೇ ಸೋರಿಸುವ ರೋಗ

ಕೈಲ್‌ಪೊಳ್ದ್ ಹಬ್ಬದಂದು ಪಂದಿಕರಿ ಬೇಯದ ಕೊಡವರ ಮನೆ ಅಪರೂಪ. ಕೊಡಗಿನಲ್ಲಿ ಹಂದಿ ಸಾಕಣೆ ಕಾಫಿ, ಭತ್ತಗಳ ಜತೆಗೆ ನಡೆದು ಬಂದಿರುವ ಉಪಕಸುಬು. ಈ ಕಸುಬನ್ನು ಕೆಲವೇ ದಿನಗಳಲ್ಲಿ ನೆಲಕಚ್ಚಿಸಬಲ್ಲ ವೈರಾಣು ರೋಗವೇ ಹಂದಿ ಜ್ವರ ಅಥವಾ ‘ಕ್ಲಾಸಿಕಲ್ ಸ್ವೈನ್ ಫೀವರ್’. 2009ರಲ್ಲಿ ಮನುಷ್ಯರನ್ನು ಕಾಡಿದ ಎಚ್1ಎನ್1 ಜ್ವರಕ್ಕೂ ಕನ್ನಡದಲ್ಲಿ ಇದೇ ಹೆಸರು ಬಿದ್ದದ್ದರಿಂದ ಗೊಂದಲ ಉಳಿದಿದೆ. ಎರಡಕ್ಕೂ ಸಂಬಂಧವಿಲ್ಲ. ಇಲ್ಲಿ ವಿವರಿಸುತ್ತಿರುವ ರೋಗ ಮನುಷ್ಯರಿಗೆ ಅಂಟುವುದಿಲ್ಲ.

ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದು 1944ರಲ್ಲಿ, ಈಗಿನ ಉತ್ತರ ಪ್ರದೇಶದ ಅಲಿಗಢದಲ್ಲಿ.

ರಕ್ತನಾಳಕ್ಕೆ ಹಾನಿ ಹೇಗೆ?

ಬಾಯಿ ಅಥವಾ ಮೂಗಿನ ಮೂಲಕ ಒಳಹೊಕ್ಕ ವೈರಾಣು ಮೊದಲು ಟಾನ್ಸಿಲ್‌ಗಳಲ್ಲಿ ಬೀಡುಬಿಡುತ್ತದೆ. ಅಲ್ಲಿಂದ ದುಗ್ಧರಸ ಗ್ರಂಥಿಗಳಿಗೆ, ಬಳಿಕ ರಕ್ತಕ್ಕೆ ಸೇರುತ್ತದೆ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೂ ರಕ್ತನಾಳಗಳ ಒಳಪದರದ ಕೋಶಗಳೂ ಇದರ ಮುಖ್ಯ ಗುರಿಗಳು.

ಈ ವೈರಾಣು ತಾನು ಹೊಕ್ಕ ಕೋಶವನ್ನು ಸಾಮಾನ್ಯವಾಗಿ ನೇರವಾಗಿ ಒಡೆಯುವುದಿಲ್ಲ. ಸೋಂಕಿತ ಬಿಳಿ ರಕ್ತಕಣಗಳು ಉರಿಯೂತದ ರಾಸಾಯನಿಕಗಳನ್ನು ಮಿತಿಮೀರಿ ಸ್ರವಿಸುತ್ತವೆ. ಅವುಗಳ ಹೊಡೆತಕ್ಕೆ ನಾಳದ ಒಳಪದರ ಸಡಿಲಗೊಳ್ಳುತ್ತದೆ. ಸೂಕ್ಷ್ಮ ನಾಳಗಳಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಡೆಂಗಿಯಲ್ಲಿ ಆಗುವಂತೆ ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಕುಸಿಯುತ್ತದೆ. ಹೀಗೆ ಒಂದೆಡೆ ಹೆಪ್ಪು, ಇನ್ನೊಂದೆಡೆ ಸೋರಿಕೆ.

ಕಣ್ಣಿಗೆ ಕಾಣುವ ಗುರುತುಗಳು

ಹಂದಿಯ ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಂದಿ ಮೇವು ಬಿಟ್ಟು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಳ್ಳುತ್ತದೆ. ಹಿಂಗಾಲು ತೂರಾಡುತ್ತದೆ. ಕಿವಿ, ಹೊಟ್ಟೆ, ಒಳತೊಡೆಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡದ ಮೇಲೆ ಸಾಸಿವೆ ಚೆಲ್ಲಿದಂತೆ ರಕ್ತದ ಚುಕ್ಕೆಗಳು ಕಾಣಬಹುದು. ಗುಲ್ಮದ ಅಂಚಿನಲ್ಲಿ ರಕ್ತ ಸಂಚಾರ ನಿಂತು ಸತ್ತ ಕಪ್ಪು ಭಾಗಗಳು, ದೊಡ್ಡ ಕರುಳಿನಲ್ಲಿ ಗುಂಡಿಯಾಕಾರದ ಹುಣ್ಣುಗಳು ಇರಬಹುದು. ತೀವ್ರ ರೂಪದ ರೋಗದಲ್ಲಿ ಎಳೆಯ ಮರಿಗಳು ಬದುಕುವುದು ಕಡಿಮೆ.

ಒಂದೇ ಲಕ್ಷಣ, ಎರಡು ರೋಗ

2020ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ 2022ರ ಜುಲೈನಲ್ಲಿ ಕೊಡಗಿನ ನೆರೆಯ ವಯನಾಡಿನ ಮಾನಂತವಾಡಿ ಭಾಗದಲ್ಲಿ ದೃಢಪಟ್ಟಿತು. ಅಲ್ಲಿನ ಫಾರ್ಮ್‌ಗಳ ಹಂದಿಗಳನ್ನು ಕೊಲ್ಲಬೇಕಾಯಿತು. ಇದರ ವೈರಾಣು ಸಂಪೂರ್ಣ ಬೇರೆ ಕುಲದ್ದು. ಆದರೂ ಜ್ವರ, ನೇರಳೆ ಕಲೆ, ರಕ್ತಸ್ರಾವಗಳು ಹಾಗೆಯೇ ಇರುತ್ತವೆ. ಅನುಭವಿ ಪಶುವೈದ್ಯರೂ ಬರಿಗಣ್ಣಿನಿಂದ ಎರಡನ್ನೂ ಬೇರ್ಪಡಿಸಲಾರರು. ಪ್ರಯೋಗಾಲಯದ ಪರೀಕ್ಷೆ ಅನಿವಾರ್ಯ. ಕ್ಲಾಸಿಕಲ್ ಹಂದಿ ಜ್ವರದ ಲಸಿಕೆ ಆಫ್ರಿಕನ್ ಜ್ವರವನ್ನು ತಡೆಯುವುದಿಲ್ಲ ಎಂಬುದರಿಂದ ಈ ವ್ಯತ್ಯಾಸ ರೈತನಿಗೆ ಬಹಳ ಮುಖ್ಯ.

ಲಸಿಕೆಯೇ ರಕ್ಷೆ

ನಾಳಗಳು ಸೋರತೊಡಗಿದ ಮೇಲೆ ಔಷಧಿಯಿಂದ ಪ್ರಯೋಜನವಿಲ್ಲ. ಆರೋಗ್ಯವಾಗಿರುವಾಗಲೇ ಲಸಿಕೆ ಹಾಕಿಸಬೇಕು. ದೇಶದಲ್ಲಿ ದಶಕಗಳ ಕಾಲ ಬಳಸಿದ್ದು ಮೊಲಗಳಲ್ಲಿ ಬೆಳೆಸಿದ ಲಸಿಕೆ. ಒಂದು ಮೊಲವನ್ನು ಕೊಂದರೆ ಸುಮಾರು 50 ಡೋಸ್ ಮಾತ್ರ ದೊರೆಯುತ್ತಿತ್ತು. ಹೀಗಾಗಿ ಕೊರತೆ ನಿರಂತರವಾಗಿತ್ತು. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಕೋಶಗಳಲ್ಲಿ ಬೆಳೆಸುವ ಲಸಿಕೆಯನ್ನು ರೂಪಿಸಿತು. 2020ರಲ್ಲಿ ಅದು ಬಿಡುಗಡೆಯಾಯಿತು.

ಲಸಿಕೆಯ ಜತೆಗೆ ಎಚ್ಚರವೂ ಬೇಕು. ಹಂದಿಮಾಂಸದ ತುಣುಕುಗಳಿರುವ ಹೋಟೆಲ್ ಮುಸುರೆ ಸೋಂಕು ಹರಡುವ ಮುಖ್ಯ ದಾರಿಗಳಲ್ಲೊಂದು. ಶೈತ್ಯೀಕರಿಸಿದ ಮಾಂಸದಲ್ಲಿ ವೈರಾಣು ತಿಂಗಳುಗಟ್ಟಲೆ ಬದುಕುತ್ತದೆ. ಮುಸುರೆ ಹಾಕದಿರುವುದೇ ಕ್ಷೇಮ. ಕಾಫಿ ತೋಟಕ್ಕೆ ನುಗ್ಗುವ ಕಾಡುಹಂದಿಗಳಿಗೂ ಈ ರೋಗ ತಗಲುವುದರಿಂದ ಹಂದಿಗೂಡಿಗೆ ಭದ್ರ ಬೇಲಿ ಇರಬೇಕು. ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಪ್ರತ್ಯೇಕವಾಗಿರಿಸಬೇಕು.

ಎರಡೂ ಜ್ವರಗಳು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯಿದೆಯ ಪಟ್ಟಿಯಲ್ಲಿವೆ. ಶಂಕೆ ಬಂದೊಡನೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸುವುದು ಕಡ್ಡಾಯ. ಕಾಯಿಲೆ ಬಿದ್ದ ಹಂದಿಯನ್ನು ನಷ್ಟದ ಭಯದಿಂದ ಸಂತೆಗೆ ಸಾಗಿಸಿದರೆ ಒಂದು ಮನೆಯ ನಷ್ಟ ಊರಿನ ನಷ್ಟವಾಗುತ್ತದೆ.