ಕೂಟಲೇಖವೂ ಕೂಟಚಿತ್ರವೂ

ಬೆರಗುಗೊಳಿಸುವ ಜಾಹೀರಾತು ಚಿತ್ರವು ನಿಜವೋ ಕೃತಕವೋ ಎಂಬಂತಹ ಶಂಕೆ ಶಾಸನಗಳ ಇತಿಹಾಸದಲ್ಲಿಯೂ ಉಂಟು. ದಾನಭೂಮಿಯ ಆಸೆಯಿಂದ ಕೆಲವರು ಹಳೆಯ ಅರಸರ ಹೆಸರಿನಲ್ಲಿ ತಾಮ್ರಪಟಗಳನ್ನು ಸೃಷ್ಟಿಸಿದ್ದರು. ವಿದ್ವಾಂಸರು ಲಿಪಿ, ತಿಥಿಗಳಿಂದ ಅವನ್ನು ಪರೀಕ್ಷಿಸಿದರು, 1901ರಲ್ಲಿ ಜೆ. ಎಫ್. ಫ್ಲೀಟ್ ಕೂಟಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು.

ಪ್ರಾಚೀನ ಜೈನತೀರ್ಥ ಕೊಪಣವೆನಿಸಿದ ಕೊಪ್ಪಳದಲ್ಲಿ 1931ರಲ್ಲಿ ಬೆಳಕಿಗೆ ಬಂದ ಗವಿಮಠದ ಅಶೋಕ ಶಾಸನವು ಬಂಡೆಯ ಮೇಲಿದೆ. ಅದರ ಪಡಿಯಚ್ಚನ್ನು ಶಂಕಿಸುವವನು ಬೆಟ್ಟವೇರಿ ಮೂಲವನ್ನೇ ನೋಡಬಹುದು. ಛಾಯಾಚಿತ್ರಕ್ಕೂ ಇದೇ ನ್ಯಾಯ: ನೆರಳುಗಳು ಬೆಳಕಿನ ದಿಕ್ಕಿಗೆ ಹೊಂದುತ್ತವೆಯೇ, ತಿದ್ದದ ಮೂಲಪ್ರತಿ ದೊರೆಯುವುದೇ ಎಂದು ಕೇಳಬೇಕು.

ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಜೀರ್ಣೋದ್ಧಾರದ ನಿಧಿಗಾಗಿ ಬಸದಿಯ ಚಿತ್ರವನ್ನು ತಿದ್ದಿ ಮುದ್ರಿಸುವುದೂ ಅದಕ್ಕೆ ಸಮಾನವೇ. ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ಕೂಟಲೇಖವು ಸತ್ಯವಾಗದು.